ರಾಜನೇ ಇಲ್ಲದ ರೊಮೇನಿಯಾದಲ್ಲಿ ಯುದ್ಧನೌಕೆಗೆ ರಾಜನ ಹೆಸರು ಯಾಕೆ?

ಓದುಗ_ಕಪ್ಪುಸಮುದ್ರ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಕಪ್ಪು ಸಮುದ್ರದ ನೌಕಾಪಡೆಗಳ ಬಗ್ಗೆ ಓದುತ್ತಿದ್ದೆ. ರೊಮೇನಿಯಾದ ಎರಡು ಫ್ರಿಗೇಟ್‌ಗಳ ಹೆಸರು ‘ರೆಜೆಲೆ ಫರ್ಡಿನಾಂಡ್’ ಮತ್ತು ‘ರೆಜಿನಾ ಮರಿಯಾ’. ಅಂದರೆ ರಾಜ ಫರ್ಡಿನಾಂಡ್, ರಾಣಿ ಮರಿಯಾ. ಆದರೆ ಅಲ್ಲಿ 1947ರ ಡಿಸೆಂಬರ್ 30ಕ್ಕೇ ರಾಜರ ಆಳ್ವಿಕೆ ಮುಗಿದಿದೆ. ಗಣರಾಜ್ಯದ ಹಡಗಿಗೆ ರಾಜ ರಾಣಿಯ ಹೆಸರು ಯಾಕೆ? ಹಳೆಯದರ ಮೇಲಿನ ಪ್ರೀತಿಯೋ, ಬೇರೆ ಕಾರಣ ಇದೆಯೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಇಂಜಿನ್_ರೂಮ್:

ಇದೇ ಪ್ರಶ್ನೆಯನ್ನು ನಾನೂ ಒಬ್ಬರಿಗೆ ಕೇಳಿದ್ದೆ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ನಾನು ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು. ಗೋಧಿ ತುಂಬಿಸಿಕೊಳ್ಳಲು ರೊಮೇನಿಯಾದ ಕಾನ್‌ಸ್ಟಾಂತ್ಸ ಬಂದರಿಗೆ ಹೋದಾಗ ನಮ್ಮ ಸರದಿಗಾಗಿ ಹನ್ನೊಂದು ದಿನ ಕಾಯಬೇಕಾಯಿತು. ಆ ನಡುವೆ ಆಗಸ್ಟ್ 15 ಬಂತು. ಅದು ಅವರ ನೌಕಾಪಡೆಯ ದಿನ, ಮೇರಿ ಮಾತೆಯ ಹಬ್ಬವೂ ಹೌದು. ಇದನ್ನು ಮೊದಲು ಆಚರಿಸಿದ್ದು 1902ರಲ್ಲಿ, ಒಂದನೇ ಕರೋಲ್ ರಾಜನ ಕಾಲದಲ್ಲಿ. ದಂಡೆಯ ಮೇಲೆ ಜನವೋ ಜನ. ಹಡಗುಗಳಿಗೆಲ್ಲ ಬಣ್ಣದ ಬಾವುಟ ಕಟ್ಟಿದ್ದರು. ಮೂರು ಕಂಬದ ಹಾಯಿಹಡಗು ‘ಮಿರ್ಚಾ’ ಕೂಡ ಅಲ್ಲಿತ್ತು. ಹ್ಯಾಂಬರ್ಗ್‌ನಲ್ಲಿ 1938ರಲ್ಲಿ ಕಟ್ಟಿದ್ದು, ಇವತ್ತಿಗೂ ಅವರ ಹುಡುಗರು ಅದರಲ್ಲೇ ಕಡಲ ಪಾಠ ಕಲಿಯುತ್ತಾರೆ.

ನಮ್ಮ ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥ, ರೊಮೇನಿಯಾದವರು, ಐವತ್ತು ದಾಟಿದವರು. ‘ರೆಜಿನಾ ಮರಿಯಾ’ ಎದುರಿಗೆ ಹಾದು ಹೋದಾಗ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಯಾಕೆ ಅಂತ ಕೇಳಿದೆ. “ನಮ್ಮಜ್ಜ ಅದರ ಬಾಯ್ಲರ್ ನೋಡಿಕೊಳ್ಳುತ್ತಿದ್ದರು” ಅಂದರು. ನನಗೆ ಅರ್ಥವಾಗಲಿಲ್ಲ. ಈ ಫ್ರಿಗೇಟ್ ಬ್ರಿಟಿಷರದ್ದು, ಮೊದಲು ‘ಲಂಡನ್’ ಅಂತಿತ್ತು. ‘ರೆಜೆಲೆ ಫರ್ಡಿನಾಂಡ್’ ಮೊದಲು ‘ಕಾವೆಂಟ್ರಿ’ ಆಗಿತ್ತು. ಎರಡನ್ನೂ 2003ರಲ್ಲಿ ಕೊಂಡದ್ದು. ಅಜ್ಜ ಎಲ್ಲಿಂದ ಬಂದರು?

ಅವರು ಹೇಳಿದ್ದು ಹಳೆಯ ‘ರೆಜಿನಾ ಮರಿಯಾ’ ಬಗ್ಗೆ. ಇಟಲಿಯ ನೇಪಲ್ಸ್‌ನಲ್ಲಿ ಕಟ್ಟಿ, 1930ರಲ್ಲಿ ಕಾನ್‌ಸ್ಟಾಂತ್ಸಕ್ಕೆ ಬಂದ ಎರಡು ಡಿಸ್ಟ್ರಾಯರ್‌ಗಳಿಗೂ ಇವೇ ಹೆಸರುಗಳಿದ್ದವು. ಆಗ ಹೆಸರಿನ ಮುಂದೆ ‘ಎನ್‌ಎಂಎಸ್’ ಅಂತ ಸೇರಿಸುತ್ತಿದ್ದರು, ‘ರಾಜರ ಹಡಗು’ ಅಂತ ಅದರ ಅರ್ಥ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಈ ಹೆಸರುಗಳು ಅರಮನೆಯಿಂದ ನೇರವಾಗಿ ಬಂದವಲ್ಲ. ಆ ಹಳೆಯ ಎರಡು ಹಡಗುಗಳಿಂದ ಬಂದವು.

ಅವುಗಳ ಕಥೆ ಕೇಳಿ. 1941ರ ಜೂನ್ 26ರ ಬೆಳಿಗ್ಗೆ ಸೋವಿಯತ್ ಹಡಗುಗಳು ಕಾನ್‌ಸ್ಟಾಂತ್ಸದ ಮೇಲೆ ಗುಂಡು ಹಾರಿಸಿದವು. ‘ರೆಜಿನಾ ಮರಿಯಾ’ ಮತ್ತು ಇನ್ನೊಂದು ಡಿಸ್ಟ್ರಾಯರ್ ‘ಮರಾಷ್ಟಿ’ ದಂಡೆಯ ತೋಪುಗಳ ಜೊತೆ ಸೇರಿ ಎದುರಿಸಿದವು. ಬಂದಿದ್ದ ಸೋವಿಯತ್ ಹಡಗು ‘ಮಾಸ್ಕ್ವಾ’, ಕಡಲಲ್ಲಿ ಹಾಕಿದ್ದ ಮೈನ್‌ಗೆ (ಸಿಡಿಮದ್ದಿಗೆ) ಸಿಕ್ಕಿ ಮುಳುಗಿತು. 1944ರ ಏಪ್ರಿಲ್, ಮೇ ತಿಂಗಳಲ್ಲಿ ಕ್ರೈಮಿಯಾದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಸಮುದ್ರದ ಮೇಲೆ ಸಾಗಿಸಬೇಕಾಯಿತು. ಆಗ ‘ರೆಜೆಲೆ ಫರ್ಡಿನಾಂಡ್’ ಮೇಲೆ ಬಿದ್ದ ಬಾಂಬೊಂದು ಎಣ್ಣೆ ಟ್ಯಾಂಕಿಗೆ ನುಗ್ಗಿತು, ಆದರೆ ಸಿಡಿಯಲಿಲ್ಲ. ಟ್ಯಾಂಕಿನೊಳಗೆ ಜೀವಂತ ಬಾಂಬ್ ಇಟ್ಟುಕೊಂಡು ಮನೆ ಕಡೆ ಹೊರಡುವುದು ಅಂದರೆ ಏನು ಅಂತ ಇಂಜಿನ್ ರೂಮಿನಲ್ಲಿ ನಿಂತವರಿಗೆ ಗೊತ್ತು. ಬೋಸನ್ ಇದನ್ನು ಹೇಳುವಾಗ ನನ್ನ ಕೈ ತಣ್ಣಗಾಗಿತ್ತು.

ಆಮೇಲೆ ಆಗಸ್ಟ್ 23. ಇಪ್ಪತ್ತೆರಡು ವರ್ಷದ ರಾಜ ಮಿಹಾಯ್, ಸರ್ವಾಧಿಕಾರಿ ಅಂತೊನೆಸ್ಕುವನ್ನು ಅರಮನೆಗೆ ಕರೆಸಿ ಬಂಧಿಸಿದರು. ತಂದೆ ತಮ್ಮ ಅಂಚೆಚೀಟಿಗಳನ್ನು ಇಡುತ್ತಿದ್ದ ಭದ್ರ ಕೋಣೆಯಲ್ಲೇ ಕೂಡಿ ಹಾಕಿದರು. ದೇಶ ಜರ್ಮನಿಯ ಪಕ್ಷ ಬಿಟ್ಟಿತು. ಆದರೂ ಹದಿಮೂರೇ ದಿನಕ್ಕೆ, ಸೆಪ್ಟೆಂಬರ್ 5ರಂದು, ಸೋವಿಯತ್ ಪಡೆ ಈ ಹಡಗುಗಳನ್ನು ವಶಕ್ಕೆ ತೆಗೆದುಕೊಂಡಿತು. ಬೋಸನ್ ಅಜ್ಜ ಒಂದು ಗಂಟು ಬಟ್ಟೆ ಹಿಡಿದು ಇಳಿದರಂತೆ, ತಿರುಗಿ ನೋಡಲಿಲ್ಲವಂತೆ. ಎರಡೂ ಡಿಸ್ಟ್ರಾಯರ್‌ಗಳಿಗೆ ರಷ್ಯನ್ ಹೆಸರು ಇಟ್ಟರು. 1951ರಲ್ಲಿ ವಾಪಸ್ ಬಂದವು. ಆದರೆ ಅಷ್ಟರಲ್ಲಿ ರಾಜ ಇರಲಿಲ್ಲ, ಹಳೆಯ ಹೆಸರೂ ಬರಲಿಲ್ಲ. ಬರೀ ಅಕ್ಷರ, ಅಂಕಿಗಳಲ್ಲೇ ಓಡಾಡಿ ಕೊನೆಗೆ ಗುಜರಿಗೆ ಹೋದವು.

2004ರಲ್ಲಿ ‘ರೆಜೆಲೆ ಫರ್ಡಿನಾಂಡ್’ ಮತ್ತೆ ಸೇವೆಗೆ ಬಂದಾಗ ಅಧ್ಯಕ್ಷರಾಗಿದ್ದವರು ಇಲಿಯೆಸ್ಕು. 1990ರ ಡಿಸೆಂಬರ್‌ನಲ್ಲಿ ಮಿಹಾಯ್ ದೇಶಕ್ಕೆ ಬಂದಾಗ ದಾರಿಯಲ್ಲೇ ತಡೆದು ವಾಪಸ್ ಕಳಿಸಿದ್ದೂ ಇದೇ ಇಲಿಯೆಸ್ಕು ಕಾಲದಲ್ಲೇ. ಅಂಥವರ ಕಾಲದಲ್ಲೂ ಹಡಗಿಗೆ ಆ ಹೆಸರು ಮರಳಿತು ಅಂದರೆ ನಾವಿಕರಿಗೆ ಅದು ಎಷ್ಟು ಬೇಕಾಗಿತ್ತು ಅಂತ ಯೋಚಿಸಿ.

ಹಳೇ_ನಕ್ಷೆ:

ಚೆನ್ನಾಗಿ ಬರೆದಿದ್ದೀರಿ. ಎರಡು ಮಾತು ಸೇರಿಸಬೇಕು. ಒಂದು, ನೌಕಾಪಡೆ ರಾಜರಿಂದ ಶುರುವಾಗಿದ್ದಲ್ಲ. 1860ರಲ್ಲಿ, ಕೂಜಾ ಆಳುತ್ತಿದ್ದಾಗ, ಡಾನ್ಯೂಬ್ ನದಿಯ ದೋಣಿಗಳನ್ನು ಒಟ್ಟುಗೂಡಿಸಿ ಪಡೆ ಕಟ್ಟಿದರು. ಕರೋಲ್ ಜರ್ಮನಿಯಿಂದ ಬಂದದ್ದು ಆಮೇಲೆ, 1866ರಲ್ಲಿ.

ಇನ್ನೊಂದು ನೋವಿನ ಮಾತು. 1941ರ ಡಿಸೆಂಬರ್‌ನಲ್ಲಿ ‘ಸ್ಟ್ರುಮಾ’ ಅನ್ನುವ ಹಡಗು ಹೊರಟದ್ದು ಇದೇ ಕಾನ್‌ಸ್ಟಾಂತ್ಸದಿಂದ. ಅದರಲ್ಲಿದ್ದವರು ಪ್ರಾಣ ಉಳಿಸಿಕೊಳ್ಳಲು ಓಡಿದ ಯಹೂದಿಗಳು, ಏಳುನೂರಕ್ಕೂ ಹೆಚ್ಚು ಜನ. ಇಂಜಿನ್ ಕೆಟ್ಟು ಇಸ್ತಾಂಬುಲ್‌ನಲ್ಲಿ ವಾರಗಟ್ಟಲೆ ನಿಂತಿತು. ಯಾರೂ ಇಳಿಸಿಕೊಳ್ಳಲಿಲ್ಲ. ಮತ್ತೆ ಕಡಲಿಗೆ ಎಳೆದು ಬಿಟ್ಟರು. 1942ರ ಫೆಬ್ರವರಿ 24ರಂದು ಸೋವಿಯತ್ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ಉಳಿದವರು ಒಬ್ಬರೇ. ಆ ವರ್ಷಗಳ ಧೈರ್ಯದ ಬಗ್ಗೆ ಬರೆಯುವಾಗ ಇವರೂ ನೆನಪಿರಬೇಕು, ಅಲ್ವಾ?

ಇಂಜಿನ್_ರೂಮ್:

ಖಂಡಿತ ಇರಬೇಕು. ನಾನೇ ಬರೆಯಬೇಕಿತ್ತು, ನೆನಪಿಸಿದ್ದಕ್ಕೆ ಧನ್ಯವಾದ. ಸಿಂಹಾಸನದ ಮೇಲೆ ಮಿಹಾಯ್ ಇದ್ದರೂ ಆಗ ಆಳುತ್ತಿದ್ದದ್ದು ಅಂತೊನೆಸ್ಕು. ಅದರಿಂದ ಸತ್ತವರ ಲೆಕ್ಕ ಕಡಿಮೆ ಆಗುವುದಿಲ್ಲ.

1860ರ ಮಾತೂ ಸರಿ. ಆದರೆ ಕಾನ್‌ಸ್ಟಾಂತ್ಸ ಅವರ ಕೈಗೆ ಬಂದದ್ದು ಕರೋಲ್ ಕಾಲದಲ್ಲೇ. 1877ರಲ್ಲಿ ರಷ್ಯಾ ಜೊತೆ ಸೇರಿ ಒಟ್ಟೊಮನ್ನರ ವಿರುದ್ಧ ಯುದ್ಧ. ಮೇ 26ರ ನಸುಕಿನಲ್ಲಿ ‘ರಂದುನಿಕಾ’ ಅನ್ನುವ ಚಿಕ್ಕ ದೋಣಿ, ಮಚಿನ್ ಊರಿನ ಹತ್ತಿರ ನಿಂತಿದ್ದ ಕಬ್ಬಿಣದ ಹಡಗು ‘ಸೇಫಿ’ ಹತ್ತಿರ ಹೋಯಿತು. ಉದ್ದದ ಕೋಲಿನ ತುದಿಗೆ ಸಿಡಿಮದ್ದು ಕಟ್ಟಿ, ಅದನ್ನು ಶತ್ರು ಹಡಗಿನ ಒಡಲಿಗೆ ತಾಗಿಸುವುದು ಆಗಿನ ಟಾರ್ಪಿಡೊ! ನಾಯಕತ್ವ ರಷ್ಯಾದ ದುಬಾಸೊವ್ ಅವರದ್ದು. ಜೊತೆಗಿದ್ದ ರೊಮೇನಿಯನ್ ಅಧಿಕಾರಿ ಮೇಜರ್ ಮುರ್ಜೆಸ್ಕು. ಶೆಸ್ತಕೊವ್ ಅವರ ಇನ್ನೊಂದು ದೋಣಿಯೂ ಹೊಡೆಯಿತು, ‘ಸೇಫಿ’ ಮುಳುಗಿತು. ಮುಂದೆ ಎರಡನೇ ಮಹಾಯುದ್ಧದಲ್ಲಿ ಮೈನ್ ಹಾಕುತ್ತಿದ್ದ ಹಡಗಿಗೆ ‘ಅಮಿರಾಲ್ ಮುರ್ಜೆಸ್ಕು’ ಅಂತ ಹೆಸರಿಟ್ಟರು.

1878ರ ಬರ್ಲಿನ್ ಒಪ್ಪಂದದಲ್ಲಿ ದಕ್ಷಿಣ ಬೆಸರೇಬಿಯಾ ರಷ್ಯಾಕ್ಕೆ ಹೋಯಿತು, ಕಾನ್‌ಸ್ಟಾಂತ್ಸ ಇರುವ ದೊಬ್ರೂಜಾ ಪ್ರದೇಶ ಇವರಿಗೆ ಬಂತು. ಜೊತೆಗೇ ಸಮುದ್ರದ ದಂಡೆ. 1895ರಲ್ಲಿ ಇಂಜಿನಿಯರ್ ಸಲೀನಿ ಅವರು ಚೆರ್ನಾವೊಡಾ ಊರಿನಲ್ಲಿ ಡಾನ್ಯೂಬ್‌ಗೆ ಸೇತುವೆ ಕಟ್ಟಿದರು. 1909ರಲ್ಲಿ ಹೊಸ ಬಂದರು ತೆರೆಯಿತು, ಅದರ ಧಾನ್ಯದ ಕಣಜಗಳೂ ಸಲೀನಿಯವರದ್ದೇ. ನಾವು ಗೋಧಿಗೆ ಕಾಯುತ್ತಿದ್ದದ್ದು ಅದೇ ಬಂದರಿನಲ್ಲಿ.

ಅಲೆಮಾರಿ_72:

ಅದೇ ಬಂದರಿಗೆ 1905ರ ಜುಲೈನಲ್ಲಿ ರಷ್ಯಾದ ಯುದ್ಧನೌಕೆ ‘ಪೊಟೆಮ್‌ಕಿನ್’ ಬಂದು ಶರಣಾಯಿತು. ದಂಗೆ ಎದ್ದ ರಷ್ಯನ್ ನಾವಿಕರಿಗೆ ರೊಮೇನಿಯಾ ಆಶ್ರಯ ಕೊಟ್ಟಿತು, ಹಡಗನ್ನು ಮಾತ್ರ ರಷ್ಯಾಕ್ಕೆ ವಾಪಸ್ ಮಾಡಿತು.

ಓದುಗ_ಕಪ್ಪುಸಮುದ್ರ:

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಪ್ರಶ್ನೆ ಉಳಿಯಿತು: ರಾಜ ಸರಿ, ಯುದ್ಧದ ಹಡಗಿಗೆ ರಾಣಿಯ ಹೆಸರು ಯಾಕೆ?

ಇಂಜಿನ್_ರೂಮ್:

ಮೊದಲ ಮಹಾಯುದ್ಧದಲ್ಲಿ ಬುಖಾರೆಸ್ಟ್ ಕೈತಪ್ಪಿದಾಗ ರಾಜಮನೆತನ ಯಾಶ್ ಊರಿಗೆ ಹೋಯಿತು. ಅಲ್ಲಿ ಮರಿಯಾ ನರ್ಸ್ ಬಟ್ಟೆ ತೊಟ್ಟು ಗಾಯಾಳುಗಳ ಮಧ್ಯೆ ಓಡಾಡಿದರು. ಜನ ಅದನ್ನು ಮರೆಯಲಿಲ್ಲ. ಅವರಿಗೆ ಕಡಲಿನ ನಂಟೂ ಇತ್ತು. ತಂದೆ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್, ಬಾಲ್ಯದ ಕೆಲವು ವರ್ಷ ಮಾಲ್ಟಾದಲ್ಲಿ ಕಳೆದವು. 1938ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಹೃದಯವನ್ನು ಬಾಲ್ಚಿಕ್‌ನ ಕಡಲ ಪಕ್ಕದ ಪುಟ್ಟ ಚರ್ಚಿನಲ್ಲಿ ಇಟ್ಟರು. 1940ರಲ್ಲಿ ಆ ಜಾಗ ಬಲ್ಗೇರಿಯಾಕ್ಕೆ ಹೋದಾಗ ರೊಮೇನಿಯಾದ ಬ್ರಾನ್ ಊರಿಗೆ ತಂದರು. 2015ರಿಂದ ಸಿನಾಯಾದ ಪೆಲಿಶೋರ್ ಅರಮನೆಯಲ್ಲಿದೆ.

ಆ ದಿನ ತೆಗೆದ ‘ಮಿರ್ಚಾ’ ಫೋಟೊ ಹಳೆಯ ಫೋನಿನಲ್ಲಿದೆ. ಸಿಕ್ಕರೆ ಇಲ್ಲೇ ಹಾಕುತ್ತೇನೆ.