ಸಣ್ಣ ಜೆಟ್‌ನಲ್ಲಿ ಕಂಟ್ರೋಲ್ ಕೈಕೊಟ್ಟರೆ ಮೊದಲು ಏನು ಮಾಡಬೇಕು?

ಪ್ರಶ್ನೆ, ಚಿಕ್ಕಬಳ್ಳಾಪುರದಿಂದ

ಎಲ್ಲರಿಗೂ ನಮಸ್ಕಾರ. ಜಕ್ಕೂರಿನಲ್ಲಿ ಹಾರಾಟ ಕಲಿತೆ, ಈಗ ಸಣ್ಣ ಬಿಸಿನೆಸ್ ಜೆಟ್‌ಗೆ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡುತ್ತಿದ್ದೇನೆ. ಮುಂದಿನ ವಾರ ಸಿಮ್ಯುಲೇಟರ್‌ನಲ್ಲಿ ಟ್ರಿಮ್ ರನ್‌ಅವೇ (ಮೂತಿಯನ್ನು ಒಂದೇ ಮಟ್ಟದಲ್ಲಿ ಇಡುವ ಟ್ರಿಮ್ ತಾನಾಗಿ ಓಡುವುದು), ಎಲಿವೇಟರ್ ಜಾಮ್ (ಮೂತಿ ಏರಿಸಿ ಇಳಿಸುವ ಬಾಲದ ಹಲಗೆ ಸಿಕ್ಕಿಕೊಳ್ಳುವುದು), ಫ್ಲಾಪ್ (ನಿಧಾನ ವೇಗದಲ್ಲೂ ಎತ್ತಿಹಿಡಿಯುವ ರೆಕ್ಕೆಯ ಹಿಂಬದಿ ಹಲಗೆ) ಇಲ್ಲದ ಲ್ಯಾಂಡಿಂಗ್ ಇದೆ. ಚೆಕ್‌ಲಿಸ್ಟ್ ಬಾಯಿಪಾಠ ಆಗಿದೆ. ಆದರೆ ಆ ಹೊತ್ತಿನಲ್ಲಿ ಕೈ ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದೇ ಗೊಂದಲ. ಹಾರಿಸಿದವರು, ರಿಪೇರಿ ಮಾಡಿದವರು, ನಿಮ್ಮ ಮನೆಯ ಮಗಳು ಅಂದುಕೊಂಡು ಬಿಡಿಸಿ ಹೇಳಿ.

ನಿವೃತ್ತ ಕ್ಯಾಪ್ಟನ್, ಚಿಕ್ಕಬಳ್ಳಾಪುರ

ಟ್ರಿಮ್ ರನ್‌ಅವೇಯಿಂದ ಶುರು ಮಾಡುತ್ತೇನಮ್ಮ, ಮೂರರಲ್ಲಿ ಟೈಮ್ ಕಡಿಮೆ ಇರುವುದು ಅದಕ್ಕೇ. ಪಕ್ಕದ ಟ್ರಿಮ್ ಚಕ್ರ ತಾನಾಗಿ ತಿರುಗಲು ಶುರುವಾಗುತ್ತದೆ. ಅದರ ಮೇಲಿನ ಬಿಳಿ ಗೆರೆ ಕಣ್ಣಂಚಿನಲ್ಲಿ ಮತ್ತೆ ಮತ್ತೆ ಬಂದು ಹೋಗುತ್ತದೆ. ಆಟೋಪೈಲಟ್ ಹಾಕಿದ್ದರೆ ಸ್ವಲ್ಪ ಹೊತ್ತು ಅದೇ ತಡೆದುಕೊಂಡಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅದನ್ನು ಬಿಡಿಸಿದ ತಕ್ಷಣ ಅಷ್ಟೂ ಭಾರ ನಿಮ್ಮ ಕೈಗೆ ಬೀಳುತ್ತದೆ. ಅದಕ್ಕೇ ಮೊದಲು ಯೋಕ್ (ವಿಮಾನದ ಸ್ಟಿಯರಿಂಗ್) ಗಟ್ಟಿಯಾಗಿ ಹಿಡಿಯಬೇಕು, ಆಮೇಲೆ ಹೆಬ್ಬೆರಳಿನಿಂದ ಆಟೋಪೈಲಟ್, ಟ್ರಿಮ್ ಬಿಡಿಸುವ ಡಿಸ್‌ಕನೆಕ್ಟ್ ಬಟನ್ ಒತ್ತಬೇಕು. ಕೋ-ಪೈಲಟ್ ಟ್ರಿಮ್‌ನ ಸರ್ಕ್ಯೂಟ್ ಬ್ರೇಕರ್ ಎಳೆಯುವವರೆಗೆ ಬೆರಳು ತೆಗೆಯಬಾರದು. ಆ ಬ್ರೇಕರ್ ಕತ್ತಲಲ್ಲೂ ಕೈಗೆ ಸಿಗಬೇಕು, ವಿಮಾನ ನಿಂತಿರುವಾಗಲೇ ಮುಟ್ಟಿ ಮುಟ್ಟಿ ರೂಢಿ ಮಾಡಿಕೊಳ್ಳಿ.

ಮೂತಿ ಕೆಳಗೆ ಹೋಗುತ್ತಿದ್ದರೆ ಪವರ್ ತಗ್ಗಿಸಿ. ವೇಗ ಇಳಿದಷ್ಟೂ ಕೈಯ ಮೇಲಿನ ಭಾರವೂ ಇಳಿಯುತ್ತದೆ. ಮೇಲೆ ಏಳುತ್ತಿದ್ದರೆ ಸುಮ್ನೆ ತಳ್ಳುತ್ತಾ ಕೂರಬೇಡಿ, ಒಂದು ಪಕ್ಕಕ್ಕೆ ವಾಲಿಸಿ, ಮೂತಿ ಇಳಿಯುತ್ತದೆ. ನಿಮ್ಮ ವಿಮಾನದ ಚೆಕ್‌ಲಿಸ್ಟ್ ಬೇರೆ ಹೇಳಿದರೆ ಅದನ್ನೇ ಕೇಳಿ, ನನ್ನ ಮಾತನ್ನಲ್ಲ.

ವಿಮಾನ ಮೆಂಟೆನೆನ್ಸ್ ಇಂಜಿನಿಯರ್, ತುಮಕೂರು

ಕ್ಯಾಪ್ಟನ್ ಸರ್ ಹೇಳಿದ್ದು ಆಕಾಶದಲ್ಲಿನ ಮಾತು. ನಾನು ನೆಲದ ಮೇಲಿನದ್ದು ಹೇಳುತ್ತೇನೆ, ತಂಗಿ. ಟೇಕಾಫ್‌ಗೆ ಮೊದಲು ಕಂಟ್ರೋಲ್ ಚೆಕ್ ಪೂರ್ತಿ ಮಾಡಿ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಗಸ್ಟ್ ಲಾಕ್ (ನಿಂತಿರುವಾಗ ಗಾಳಿಗೆ ಕಂಟ್ರೋಲ್ ಅಲುಗದ ಹಾಗೆ ಹಾಕುವ ಬೀಗ) ತೆಗೆಯದೆಯೇ ಟೇಕಾಫ್‌ಗೆ ಓಡಿತು. ಮೇಲೇಳಲಿಲ್ಲ. ಏಳೂ ಜನ ತೀರಿಕೊಂಡರು. ತನಿಖೆಯಲ್ಲಿ ಗೊತ್ತಾಗಿದ್ದೇನೆಂದರೆ, ಹಿಂದಿನ 175 ಟೇಕಾಫ್‌ಗಳಲ್ಲಿ ಪೂರ್ತಿ ಕಂಟ್ರೋಲ್ ಚೆಕ್ ಮಾಡಿದ್ದು ಬರೀ ಎರಡರಲ್ಲಿ. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಯೋಕ್ ಸಲೀಸಾಗಿ ಆಡಿದರೆ ಸಾಲದು, ರೆಕ್ಕೆಯ ಕಡೆಯೂ ನೋಡಿ. ಎಡಕ್ಕೆ ತಿರುಗಿಸಿದರೆ ಎಡಗಡೆ ಐಲೆರಾನ್ (ವಿಮಾನ ವಾಲಿಸುವ ರೆಕ್ಕೆತುದಿಯ ಹಲಗೆ) ಮೇಲೇಳಬೇಕು. 2018ರ ನವೆಂಬರ್‌ನಲ್ಲಿ ಪೋರ್ಚುಗಲ್‌ನಲ್ಲಿ ರಿಪೇರಿ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರೇಯರ್ ವಿಮಾನದಲ್ಲಿ ಐಲೆರಾನ್ ಕೇಬಲ್‌ಗಳು ತಿರುಗಾಮುರುಗಾ ಆಗಿದ್ದವು. ತುಂಬಾ ಹೊತ್ತು ಒದ್ದಾಡಿ, ಕೊನೆಗೆ ಬೇಜಾ ಅನ್ನುವ ವಾಯುನೆಲೆಯಲ್ಲಿ ಇಳಿಸಿದರು. ಮೆಂಟೆನೆನ್ಸ್ ಆಗಿ ಬಂದ ವಿಮಾನವನ್ನು ನಮ್ಮಂಥವರ ಸಹಿ ಇದೆ ಅಂತ ನಂಬಿಬಿಡಬೇಡಿ.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್ ಅಣ್ಣ. ಕ್ಯಾಪ್ಟನ್ ಸರ್, ಎಲಿವೇಟರ್ ಜಾಮ್ ಆದರೆ? ಪವರ್ ಜಾಸ್ತಿ ಮಾಡಿದರೆ ಮೂತಿ ಏಳುತ್ತದೆ, ಅಲ್ವಾ?

ನಿವೃತ್ತ ಕ್ಯಾಪ್ಟನ್, ಚಿಕ್ಕಬಳ್ಳಾಪುರ

ಅಲ್ಲೇ ಹುಷಾರಾಗಿರಬೇಕು. ಇಂಜಿನ್ ರೆಕ್ಕೆಯ ಕೆಳಗಿರುವ ದೊಡ್ಡ ವಿಮಾನದಲ್ಲಿ ಹೌದು. ನಿಮ್ಮ ಜೆಟ್‌ನಲ್ಲಿ ಇಂಜಿನ್ ಹಿಂದೆ, ಎತ್ತರದಲ್ಲಿ ಕೂತಿದೆ. ಪವರ್ ಕೊಟ್ಟ ಕೂಡಲೇ ಮೂತಿ ಮೊದಲು ಸ್ವಲ್ಪ ಕೆಳಗೇ ಹೋಗುತ್ತದೆ, ವೇಗ ಸೇರಿದ ಮೇಲೆ ಏಳುತ್ತದೆ. ಸಿಮ್ಯುಲೇಟರ್‌ನಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಎಲಿವೇಟರ್ ಬಿಗಿದುಕೊಂಡರೂ ಟ್ರಿಮ್ ಇನ್ನೂ ಆಡುತ್ತಿರಬಹುದು, ಅದರಲ್ಲೇ ನಿಧಾನವಾಗಿ ಮೂತಿ ಏರಿಸಿ ಇಳಿಸಿ. ಏನೇನು ಇನ್ನೂ ಕೆಲಸ ಮಾಡುತ್ತಿದೆ ಅನ್ನುವುದನ್ನು ಎತ್ತರದಲ್ಲಿ ಇರುವಾಗಲೇ ತಿಳಿದುಕೊಳ್ಳಿ. ನಂದಿ ಬೆಟ್ಟವೇ ಸುಮಾರು 4,850 ಅಡಿ, ನಮ್ಮ ಕಡೆ ಹತ್ತು ಸಾವಿರಕ್ಕಿಂತ ಕೆಳಗೆ ಈ ಪರೀಕ್ಷೆ ಬೇಡ. ಗೇರ್ (ಚಕ್ರಗಳು), ಫ್ಲಾಪ್ ಒಂದೊಂದಾಗಿ ಇಳಿಸಿ, ವೇಗ ಸ್ವಲ್ಪ ಸ್ವಲ್ಪ ತಗ್ಗಿಸಿ. ಎಲ್ಲಿ ಹಿಡಿತ ತಪ್ಪುವ ಹಾಗೆ ಅನಿಸಿತೋ, ಅದಕ್ಕಿಂತ ಜಾಸ್ತಿ ವೇಗದಲ್ಲೇ ನೆಲ ಮುಟ್ಟಿ. ಆಮೇಲೆ ಫ್ಲಾಪ್‌ಗೆ ಕೈ ಹಾಕಬೇಡಿ.

ವಿಮಾನ ಹಾರುತ್ತಿದ್ದರೆ ಹೊಸ ಪ್ರಯೋಗವೂ ಬೇಡ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್ 261ರಲ್ಲಿ ಗ್ರೀಸ್ ಸಾಲದೆ ಸ್ಟೆಬಿಲೈಜರ್ (ಟ್ರಿಮ್ ಆಡಿಸುವ ಬಾಲದ ಅಡ್ಡರೆಕ್ಕೆ) ತಿರುಗಿಸುವ ಸ್ಕ್ರೂನ ನಟ್ ಸವೆದು, ಸ್ಕ್ರೂ ಬಿಗಿದುಕೊಂಡಿತ್ತು. ಅದನ್ನು ಬಿಡಿಸುವ ಪ್ರಯತ್ನದಲ್ಲಿ ವಿಮಾನ ಮೊದಲೊಮ್ಮೆ ಧುಮುಕಿತು. ಪೈಲಟ್‌ಗಳು ಹೇಗೋ ಹಿಡಿದು ನಿಲ್ಲಿಸಿದರು. ಎರಡನೇ ಸಲ ಆ ಜೋಡಣೆಯೇ ಕಳಚಿಹೋಯಿತು. 88 ಜನ ಹೋದರು. ಆ ಪೈಲಟ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಪಾಠ ಕಲಿಯಲೇಬೇಕು.

ಕೋ-ಪೈಲಟ್, ಕೋಲಾರ

ಫ್ಲಾಪ್ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಫ್ಲಾಪ್ ಇಲ್ಲದಿದ್ದರೆ ಜಾಸ್ತಿ ವೇಗದಲ್ಲೇ ಇಳಿಯಬೇಕಾಗುತ್ತದೆ. ವೇಗ ಶೇಕಡಾ 20 ಜಾಸ್ತಿಯಾದರೆ ನಿಲ್ಲಿಸಲು ಬೇಕಾದ ಓಟ ಹೆಚ್ಚುಕಡಿಮೆ ಶೇಕಡಾ 44 ಜಾಸ್ತಿಯಾಗುತ್ತದೆ. ಹತ್ತಿರದ ಚಿಕ್ಕ ರನ್‌ವೇಗೆ ಆಸೆಪಡಬೇಡಿ. ದೇವನಹಳ್ಳಿಯಲ್ಲಿ ಎರಡೂ ರನ್‌ವೇ 4,000 ಮೀಟರ್ ಇವೆ. ಆದರೆ ಜಾಗ ಸುಮಾರು 3,000 ಅಡಿ ಎತ್ತರದಲ್ಲಿದೆ, ವೇಗದ ಮೀಟರ್ ತೋರಿಸುವುದಕ್ಕಿಂತ ಜೋರಾಗಿಯೇ ನೆಲ ಮುಟ್ಟುತ್ತೀರಿ. ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣದವರಿಗೆ) ಮುಜುಗರ ಇಲ್ಲದೆ ಮೇಡೇ (ಪ್ರಾಣಾಪಾಯದ ಕರೆ) ಹೇಳಿ, ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಕೋಡ್ 7700 ಹಾಕಿ, ಫೈರ್ ಗಾಡಿ ಕೇಳಿ. ನಿಂತ ಮೇಲೆ ಬ್ರೇಕ್ ಕೆಂಡದ ಹಾಗಿರುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಬೇಡಿ, ಚಕ್ರದ ಪಕ್ಕದಿಂದ ಯಾರನ್ನೂ ಹತ್ತಿರ ಬಿಡಬೇಡಿ.