ಪದಚರ್ಚೆ: ‘ಸ್ಪ್ರೆಡ್ ಓವರ್’ಗೆ ಕನ್ನಡದಲ್ಲಿ ಏನಂತೀರಾ? (ಜೊತೆಗೆ ರೋಸ್ಟರ್, ಪಾಳಿ, ಓಟಿ)

ಎಲ್ಲರಿಗೂ ನಮಸ್ಕಾರ,

ಬೆಂಗಳೂರಲ್ಲಿ ಫೋನ್ ಮಾಡಿ ಮಾರ್ಕೆಟ್ ಸರ್ವೆ ಮಾಡೋ ಒಂದು ಸೆಂಟರ್‌ನವರು ಅಲ್ಲಿನ ಹುಡುಗ ಹುಡುಗೀರಿಗೆ ಸಂಬಳ, ಶಿಫ್ಟು, ರಜೆ, ಓಟಿ (ಓವರ್‌ಟೈಮ್, ಅಂದ್ರೆ ಹೆಚ್ಚುವರಿ ಹೊತ್ತಿನ ಕೆಲಸ) ಇದರ ನಿಯಮಗಳನ್ನೆಲ್ಲ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡ್ಕೊಡಿ ಅಂತ ನನಗೆ ಕೊಟ್ಟಿದಾರೆ. ಮುಕ್ಕಾಲು ಪಾಲು ಮುಗೀತು, ಆದ್ರೆ ಒಂದು ಪದದ ಹತ್ರ ಬಂದು ಗಾಡಿ ನಿಂತೋಗಿದೆ, ಅದಕ್ಕೇ ನಿಮ್ಮನ್ನೆಲ್ಲ ಕೇಳ್ತಿರೋದು.

ಪದ ‘ಸ್ಪ್ರೆಡ್ ಓವರ್’. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು ಅಂತಿದೆ, ಐದು ಗಂಟೆ ಕೆಲಸ ಆದಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು ಅಂತಿದೆ, ಇವೆರಡೂ ಎಲ್ಲರಿಗೂ ಗೊತ್ತು, ಬರೆಯೋದೂ ಸುಲಭ. ಮೂರನೇದು ಇದೆಯಲ್ಲ, ಬಿಡುವಿನ ಹೊತ್ತೂ ಸೇರಿಸ್ಕೊಂಡು ಕೆಲಸ ಶುರುವಾದಾಗಿಂದ ಮುಗಿಯೋ ತನಕ ಒಟ್ಟು 12 ಗಂಟೆ ದಾಟಬಾರದು ಅಂತ, ಅದೇ ಈ ಸ್ಪ್ರೆಡ್ ಓವರ್. 2025ರ ನವೆಂಬರ್ ತನಕ ಇದ್ದ ಹಳೇ ಫ್ಯಾಕ್ಟರಿ ಕಾಯ್ದೇಲೂ ಇತ್ತು, ಅಲ್ಲಿ ಮೂಲದಲ್ಲಿ ಹತ್ತೂವರೆ ಗಂಟೆ. ಬಸ್ಸು ಲಾರಿಯವರ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೇಲೂ ಆಗಿನ ತನಕ ಇತ್ತು, ಅಲ್ಲೂ 12.

ಸಾಮಾನ್ಯ ಆಫೀಸಲ್ಲಿ ಇದರ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಹತ್ತಕ್ಕೆ ಬಂದ್ರು ಏಳಕ್ಕೆ ಹೋದ್ರು ಅಷ್ಟೇ. ಸರ್ವೆ ಕೆಲಸದಲ್ಲಿ ಹಾಗಲ್ಲ. ಮಧ್ಯಾಹ್ನ ಎರಡು ಗಂಟೆಗೆ ಫೋನ್ ಮಾಡಿ ‘ಸಾರ್ ನೀವು ಯಾವ ಟೂತ್‌ಪೇಸ್ಟ್ ಬಳಸ್ತೀರಾ’ ಅಂತ ಕೇಳಿದ್ರೆ ಯಾರು ಉತ್ತರ ಕೊಡ್ತಾರೆ ಹೇಳಿ, ಜನ ಸಿಗೋದು ಬೆಳಗ್ಗೆ ಮತ್ತೆ ಸಂಜೆ ಮನೆಗೆ ಬಂದಮೇಲೆ, ಹಾಗಾಗಿ ಶಿಫ್ಟನ್ನೇ ಎರಡು ತುಂಡು ಮಾಡಿ ಬೆಳಗ್ಗೆ 9ರಿಂದ 1, ಸಂಜೆ 5ರಿಂದ 9 ಅಂತ ಹಾಕ್ತಾರೆ. ಕೆಲಸ ಎಂಟೇ ಗಂಟೆ, ಒಂಬತ್ತರ ಒಳಗಿದೆ, ಮಧ್ಯೆ ನಾಲ್ಕು ಗಂಟೆ ಬಿಡುವು. ಆದ್ರೆ 9ರಿಂದ 9 ಅಂದ್ರೆ ಸರಿಯಾಗಿ 12 ಗಂಟೆ, ಗಡಿ ಮೇಲೆ ಕೂತಿದೆ. ಕೊನೇ ಇಂಟರ್‌ವ್ಯೂ 8:50ಕ್ಕೆ ಶುರುವಾಗಿ ಆ ಕಡೆಯವರು ಮಾತುಗಾರರಾಗಿ 25 ನಿಮಿಷ ಎಳೀತು ಅಂತಿಟ್ಕೊಳ್ಳಿ, ಲಾಗೌಟ್ 9:15. ಕೆಲಸ ಮಾಡಿದ್ದು ಎಂಟೂಕಾಲು ಗಂಟೆ ಮಾತ್ರ, ದಿನದ ಓಟಿ ಲೆಕ್ಕಕ್ಕೂ ಬರಲ್ಲ, ಆದ್ರೂ ಕಾಯ್ದೆ ಮೀರಿದ ಹಾಗಾಯ್ತು. ಶಿಫ್ಟ್ ಹಾಕೋ ಟೀಮ್ ಲೀಡರಿಗೂ ಫೋನ್ ಹಿಡಿದು ಕೂತಿರೋ ಹುಡುಗೀಗೂ ಇಬ್ರಿಗೂ ಇದು ಅರ್ಥ ಆಗ್ಬೇಕು ಅಂದ್ರೆ ಪದ ಸರಿಯಾಗಿ ಕೂರಬೇಕು.

ಇಂಗ್ಲಿಷ್ ನೋಡ್ಕೊಂಡು ‘ಹರಡಿಕೆ’ ಅಂತ ಬರೆದು ನೋಡ್ದೆ, ಕಾಯಿಲೆ ಹರಡಿದ ಹಾಗೆ ಕೇಳುತ್ತೆ. ‘ಕಾರ್ಯಾವಧಿ ವಿಸ್ತರಣೆ’ ಅಂತ ಒಬ್ರು ಸಲಹೆ ಕೊಟ್ರು, ಅದಂತೂ ಪೂರ್ತಿ ಉಲ್ಟಾ, ವಿಸ್ತರಣೆ ಅಂದ್ರೆ ಇನ್ನೂ ಎರಡು ಗಂಟೆ ಕೂರಿಸ್ತಾರೆ ಅಂತಾನೇ ಓದ್ಕೊತಾರೆ. ನನ್ನ ಮನಸ್ಸಲ್ಲಿರೋದು ‘ದಿನದ ಹರವು’. ಹೊಲದ ಹರವು ಅಂತೀವಲ್ಲ, ಈ ತುದಿಯಿಂದ ಆ ತುದಿ, ಮಧ್ಯೆ ಬಂಡೆ ಇರ್ಲಿ ಬಾವಿ ಇರ್ಲಿ ಎಲ್ಲಾ ಸೇರಿ, ಹಾಗೇ ಮಧ್ಯದ ಬಿಡುವೂ ಸೇರುತ್ತೆ ಅನ್ನೋ ಅರ್ಥ ಪದದಲ್ಲೇ ಬರುತ್ತೆ. ಪಟ್ಟಣದಲ್ಲಿ ಹುಟ್ಟಿ ಬೆಳೆದೋರಿಗೆ ಇದು ಗೊತ್ತಾಗುತ್ತಾ ಅನ್ನೋದೊಂದೇ ಅನುಮಾನ. ಪದವೇ ಬೇಡ, ‘ಮೊದಲ ಲಾಗಿನ್‌ನಿಂದ ಕೊನೆ ಲಾಗೌಟ್ ತನಕ 12 ಗಂಟೆ ಮೀರಬಾರದು’ ಅಂತ ಬಿಡಿಸಿ ಬರೆದ್ರೂ ಆಗುತ್ತೆ, ಆದ್ರೆ ಕೈಪಿಡೀಲಿ ಇದು ಏಳೆಂಟು ಕಡೆ ಬರುತ್ತೆ, ಪ್ರತಿ ಸಲ ಅಷ್ಟುದ್ದ ಬರೆಯೋಕಾಗಲ್ಲ.

ತುಂಡು ಶಿಫ್ಟಿಗೆ ಮಾತ್ರ ‘ಎರಡು ಹೊತ್ತಿನ ಶಿಫ್ಟು’ ಅಂತ ಹಾಕಿದೀನಿ. ಹಳ್ಳಿ ಕಡೆ ಅರ್ಧ ದಿನದ ಕೂಲಿಗೆ ‘ಒಪ್ಪೊತ್ತು ಕೂಲಿ’ ಅಂತಾರಲ್ಲ, ಆ ಹೊತ್ತಿಂದಾನೇ ತಗೊಂಡಿದ್ದು. ‘ಒಡೆದ ಪಾಳಿ’ ಅಂತ ಬರೆದ್ರೆ ಏನೋ ಕೆಟ್ಟು ಕೂತಿದೆ ಅನ್ನಿಸುತ್ತೆ.

ಪಾಳಿ ಅಂದಾಗ ನೆನಪಾಯ್ತು. ಪತ್ರಿಕೆಯವರು ‘ರಾತ್ರಿ ಪಾಳಿ’ ಅಂತ ಧಾರಾಳವಾಗಿ ಬರೀತಾರೆ, ನಾನೂ ಮೊದಲು ‘ಪಾಳಿ ತಪ್ಪಿಸಿದರೆ ಆ ದಿನದ ಸಂಬಳ ಕಡಿತ’ ಅಂತ ಹಾಕಿದ್ದೆ. ಕರಡು ಓದೋಕೆ ಕೊಟ್ಟಾಗ ಹುಬ್ಬಳ್ಳಿ ಕಡೆ ಹುಡುಗ ಒಬ್ಬ ‘ಯಾವ ಪಾಳಿರೀ, ಬೆರಳು ಒತ್ತೋ ಮಷಿನ್ ಮುಂದ ಹಚ್ತಾರಲ್ಲ ಅದಾ?’ ಅಂತ ಕೇಳ್ದ. ಅವನಿಗೆ ಪಾಳಿ ಅಂದ್ರೆ ಕ್ಯೂ! ಸೆಂಟರ್‌ನಲ್ಲಿ ಬೀದರ್‌ನಿಂದ ಚಾಮರಾಜನಗರದ ತನಕ ಎಲ್ಲಾ ಕಡೆಯೋರೂ ಇದಾರೆ, ಆ ಊರಿನ ಕನ್ನಡದಲ್ಲೇ ಪ್ರಶ್ನೆ ಕೇಳ್ಲಿ ಅಂತ ಬೇಕಂತಲೇ ತಗೊಂಡಿರ್ತಾರೆ. ಆದ್ದರಿಂದ ಶಿಫ್ಟು ಅಂತಲೇ ಉಳಿಸ್ಕೊಂಡೆ, ಇದರಲ್ಲಿ ನನಗೇನೂ ಮುಜುಗರ ಇಲ್ಲ.

ರೋಸ್ಟರ್ (ಯಾರಿಗೆ ಯಾವ ದಿನ ಯಾವ ಶಿಫ್ಟು ಅನ್ನೋ ಪಟ್ಟಿ) ಮಾತ್ರ ಹಾಗೇ ಉಳಿಸೋಕೆ ಮನಸ್ಸಿಲ್ಲ. ಅಲ್ಲಿ ಕೆಲಸ ಮಾಡೋರಲ್ಲಿ ಸುಮಾರು ಜನ ಒಂದು ಕಡೆ ಇದು, ಇನ್ನೊಂದು ಕಡೆ ಕೆಪಿಎಸ್‌ಸಿಗೆ ಓದ್ತಿರೋರು, ಅವರ ಕಿವೀಲಿ ರೋಸ್ಟರ್ ಅಂದ್ರೆ ಸರ್ಕಾರಿ ನೇಮಕಾತೀಲಿ ಯಾವ ಹುದ್ದೆ ಯಾವ ವರ್ಗಕ್ಕೆ ಅಂತ ಹೇಳೋ ಮೀಸಲಾತಿ ರೋಸ್ಟರ್, ರೋಸ್ಟರ್ ಬಿಂದು. ‘ಹೊಸ ರೋಸ್ಟರ್ ಶುಕ್ರವಾರ ಪ್ರಕಟ’ ಅಂತ ಬೋರ್ಡಿಗೆ ಹಾಕಿದ್ರೆ ನಗ್ತಾರೆ. ‘ಶಿಫ್ಟು ಪಟ್ಟಿ’ ಸಾಕು ಅನ್ಸುತ್ತೆ, ಬೇರೆ ಏನಾದ್ರೂ ಇದ್ರೆ ಹೇಳಿ.

ದುಡ್ಡಿನ ಮಾತಲ್ಲಿ ಒಂದೇ ಕಡೆ ಜಗಳ ಆಗೋ ಹಾಗಿದೆ. ಓಟಿಗೆ ಕಾಯ್ದೆ ಪ್ರಕಾರ ಮಾಮೂಲಿ ದರದ ಎರಡರಷ್ಟು ಕೊಡಬೇಕು. ಅವರ ಹಳೇ ಕನ್ನಡ ನೋಟೀಸಲ್ಲಿ ‘ಎರಡು ಪಟ್ಟು ಹೆಚ್ಚು’ ಅಂತಿದೆ. ಗಂಟೆಗೆ 100 ರೂಪಾಯಿ ಇರೋನಿಗೆ ಎರಡು ಪಟ್ಟು ಅಂದ್ರೆ 200, ಎರಡು ಪಟ್ಟು ಹೆಚ್ಚು ಅಂದ್ರೆ ನೂರರ ಮೇಲೆ ಇನ್ನೂ ಇನ್ನೂರು, ಒಟ್ಟು 300 ಅಂತ ಓದ್ಕೊಂಡ್ರೆ ತಪ್ಪೇನು? ಹಾಗೆ ಓದಿ ಕೇಳ್ದೋರೂ ಇದಾರಂತೆ. ಅದಕ್ಕೇ ‘ದುಪ್ಪಟ್ಟು’ ಅಂತ ಒಂದೇ ಪದ ಹಾಕಿ ಪಕ್ಕದಲ್ಲಿ 100ಕ್ಕೆ 200 ಅಂತ ಅಂಕಿಯನ್ನೂ ಕೊಟ್ಟಿದೀನಿ. ಇಮ್ಮಡಿ ಅಂದ್ರೆ ಪುಲಿಕೇಶಿ ನೆನಪಾಗ್ತಾನೆ, ಬೇಡ.

ಸಂಬಳ, ವೇತನ, ಪಗಾರ ಇದರ ಬಗ್ಗೆ ನನಗೆ ಗೊಂದಲ ಇಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋದ್ರಿಂದ ಕಾಯ್ದೆ ಹೆಸರು ಬರೋ ಕಡೆ ವೇತನ, ಉಳಿದ ಕಡೆ ಎಲ್ಲಾ ಸಂಬಳ. ಆ ಸಂಹಿತೇಲಿ ಕೆಲಸ ಬಿಟ್ಟೋರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅಂತಿದೆ, ಅದಕ್ಕೆ ‘ಲೆಕ್ಕ ಚುಕ್ತಾ’ ಅಂತ ಬರೆದೆ, ಎಚ್‌ಆರ್ ಮೇಡಂಗೆ ಅಂಗಡಿ ಸಾಲದ ತರ ಕೇಳಿಸ್ತಂತೆ, ‘ಅಂತಿಮ ಇತ್ಯರ್ಥ’ ಮಾಡಿ ಅಂದ್ರು. ಕೋರ್ಟು ಕೇಸಿನ ತರ ಆಗುತ್ತೆ ಮೇಡಂ ಅಂತ ನಾನಿನ್ನೂ ಒಪ್ಪಿಲ್ಲ.

ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಕಡೆ ಕೆಲಸ ಮಾಡಿದೋರು, ಇಲ್ಲಾ ಕಾಫಿ ತೋಟದ ಲೆಕ್ಕ ಬರೆದೋರು ಈ ಗುಂಪಲ್ಲಿ ಇದ್ರೆ, ಬೆಳಗ್ಗೆ ಡ್ಯೂಟಿ ಹಿಡಿದಾಗಿಂದ ರಾತ್ರಿ ಇಳಿಯೋ ತನಕದ ಆ ಒಟ್ಟು ಹೊತ್ತಿಗೆ ನಿಮ್ಮಲ್ಲಿ ಬಾಯಿಮಾತಲ್ಲಿ ಏನಂತಿದ್ರು ಅಂತ ದಯವಿಟ್ಟು ಬರೀರಿ. ನಿಘಂಟಿನ ಪದಕ್ಕಿಂತ ಅದೇ ಬೇಕಾಗಿರೋದು. ‘ಹರವು’ ನಡೆಯಲ್ಲ ಅನ್ನೋರು ಯಾಕೆ ನಡೆಯಲ್ಲ ಅಂತಾನೂ ಹೇಳಿ, ಮುಂದಿನ ತಿಂಗಳ ಶಿಫ್ಟು ಪಟ್ಟಿ ಜೊತೆಗೇ ಕೈಪಿಡಿ ಪ್ರಿಂಟಿಗೆ ಹೋಗ್ತಿದೆ.