ಅಪ್‌ಡೇಟ್: ಹಿತ್ತಲಿಗೆ ಗಾಜಿನ ಸ್ಲೈಡಿಂಗ್ ಬಾಗಿಲು ಹಾಕಿಸಿ ಒಂದು ವರ್ಷ

ಹೋದ ವರ್ಷ ಕೇಳಿದ್ದೆ: ಕಲಬುರಗಿ ಬಿಸಿಲಿಗೆ, ಪಶ್ಚಿಮದ ಹಿತ್ತಲಿಗೆ ಗಾಜಿನ ಸ್ಲೈಡಿಂಗ್ ಬಾಗಿಲು ಸರಿಯಾ, ಫ್ರೇಮ್ ಅಲ್ಯೂಮಿನಿಯಂ ಇರಲೋ ಯುಪಿವಿಸಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಇರಲೋ ಅಂತ. ಯುಪಿವಿಸಿಯೇ ಹಾಕಿಸಿದೆವು, ಎರಡು ಪದರದ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನ ಜೊತೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಒಳಗೆ ಬಿಡುತ್ತದೆ, ಅದಕ್ಕೇ ಬೇಡ ಅಂದೆವು.

ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ನಿಜ ಗೊತ್ತಾಯಿತು. ನೇರ ಬಿಸಿಲು ಬಿದ್ದು ಒಳಗಿನ ಶಹಾಬಾದ್ ಕಲ್ಲಿನ ನೆಲ ರಾತ್ರಿ ಎಂಟಕ್ಕೂ ಬೆಚ್ಚಗೇ ಇರುತ್ತಿತ್ತು. ಒಳಗಡೆ ಪರದೆ ಹಾಕಿದರೆ ಅಷ್ಟು ಉಪಯೋಗವಿಲ್ಲ, ಶಾಖ ಆಗಲೇ ಗಾಜು ದಾಟಿರುತ್ತದೆ ಅಲ್ವಾ? ಹೊರಗಡೆ ಬಿದಿರಿನ ಪರದೆ ಇಳಿಬಿಟ್ಟೆವು. ಈಗ ಅಮ್ಮ ಮಧ್ಯಾಹ್ನ ಅಲ್ಲೇ ಚಾಪೆ ಹಾಸಿ ಮಲಗುತ್ತಾರೆ. ನನಗೆ ಅದೇ ದೊಡ್ಡ ಖುಷಿ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕೆಳಗಿನ ಟ್ರ್ಯಾಕ್ ತುಂಬಿ ನೀರು ಒಳಗೆ ಬಂತು. ನೀರು ಹೊರಗೆ ಹೋಗಲು ಫ್ರೇಮಿನಲ್ಲಿ ಸಣ್ಣ ಸೀಳುಗಳಿರುತ್ತವೆ, ಬೇಸಿಗೆಯ ಧೂಳಿಗೆ ಅವು ಮುಚ್ಚಿಹೋಗಿದ್ದವು. ಊದಿನಕಡ್ಡಿ ತೂರಿಸಿ ಕೆದಕಿದೆ. ಕಪ್ಪು ಮಣ್ಣು ಉಂಡೆ ಉಂಡೆಯಾಗಿ ಬಂತು! ಈಗ ವಾರಕ್ಕೊಮ್ಮೆ ಹಳೇ ಟೂತ್‌ಬ್ರಶ್‌ನಿಂದ ಉಜ್ಜುತ್ತೇನೆ. ಟ್ರ್ಯಾಕಿಗೆ ಎಣ್ಣೆ ಮಾತ್ರ ಬಿಡಬೇಡಿ, ಧೂಳು ಜಾಸ್ತಿ ಅಂಟುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.